ಮಕ್ಕಳಿಗೆ ಪ್ರತೀತ್ಯಸಮುತ್ಪಾದವನ್ನು ಹೇಳಿಕೊಡುವುದು ಹೇಗೆ?

ಪ್ರಶ್ನೆ: ಗಿರಿತಪ್ಪಲು (ಚಿಕ್ಕಮಗಳೂರು)

ನಮ್ಮದು ಚಿಕ್ಕಮಗಳೂರಿನ ಹೊರವಲಯದ ಮನೆ. ಒಂದೂವರೆ ವರ್ಷದಿಂದ ಭಾನುವಾರ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಹತ್ತು ಹನ್ನೆರಡು ಮಕ್ಕಳು ಸೇರುತ್ತಾರೆ. ಏಳರಿಂದ ಹನ್ನೆರಡು ವರ್ಷದವರು. ಬುದ್ಧ, ಧರ್ಮ, ಸಂಘಕ್ಕೆ ಶರಣೆನ್ನುವ ತ್ರಿಶರಣ, ಐದು ನಡತೆಗಳ ಪಂಚಶೀಲ ಹೇಳಿ, ಐದು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕುಳಿತು, ಒಂದು ಜಾತಕ ಕಥೆ ಕೇಳಿ, ಅವಲಕ್ಕಿ ತಿಂದು ಮನೆಗೆ ಹೋಗುವುದು ರೂಢಿ. ನಾನು ಪಂಡಿತಳಲ್ಲ. ಬೈಲುಕುಪ್ಪೆಗೆ ಕೆಲವು ಸಲ ಹೋಗಿ ಬಂದು, ಬೆಂಗಳೂರಿನ ಮಹಾಬೋಧಿ ಸೊಸೈಟಿಯಲ್ಲಿ ಧ್ಯಾನಕ್ಕೆ ಕುಳಿತು, ಉಳಿದದ್ದನ್ನು ಓದಿ ತಿಳಿದವಳು.

ಬರುವ ಆಷಾಢ ಹುಣ್ಣಿಮೆಗೆ, ಅಂದರೆ ಬುದ್ಧ ಸಾರನಾಥದಲ್ಲಿ ಮೊದಲ ಉಪದೇಶ ಮಾಡಿದ ದಿನಕ್ಕೆ, ಮಕ್ಕಳಿಗೆ ಪ್ರತೀತ್ಯಸಮುತ್ಪಾದದ, ಅಂದರೆ ಯಾವುದೂ ಒಂಟಿಯಾಗಿ ಹುಟ್ಟದು, ಬೇರೆ ಕಾರಣಗಳು ಕೂಡಿದಾಗಲೇ ಹುಟ್ಟುತ್ತದೆ ಎಂಬ ಬುದ್ಧನ ತತ್ವದ, ರುಚಿ ಹತ್ತಿಸಬೇಕೆಂದು ಹೊರಟೆ. ವಿಯೆಟ್ನಾಮಿನ ಭಿಕ್ಷು ಥಿಚ್ ನ್ಹಾತ್ ಹಾನ್ ಅವರು ಕಾಗದದ ಹಾಳೆಯನ್ನು ತೋರಿಸಿ ಅದರೊಳಗೆ ಮೋಡವಿದೆ ಎನ್ನುತ್ತಿದ್ದುದು ಇಲ್ಲಿ ಅನೇಕರಿಗೆ ಗೊತ್ತಿರುತ್ತದೆ: ಮೋಡವಿಲ್ಲದೆ ಮಳೆಯಿಲ್ಲ, ಮಳೆಯಿಲ್ಲದೆ ಮರವಿಲ್ಲ, ಮರವಿಲ್ಲದೆ ಕಾಗದವಿಲ್ಲ. ನಮ್ಮೂರಿಗೆ ಒಗ್ಗಲಿ ಎಂದು ನಾನು ಹಾಳೆಯ ಬದಲು ಕಾಫಿಯ ಲೋಟ ಹಿಡಿದು, ಇದರಲ್ಲಿ ಮೋಡ ಕಾಣುತ್ತದೆಯೇ ಎಂದು ಕೇಳಿದೆ. "ಕಾಣುತ್ತೆ ಆಂಟಿ" ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಿದರು. ಶಾಲೆಯಲ್ಲಿ ಅರ್ಥವಾಯಿತೇ ಎಂದು ಕೇಳಿದಾಗ ಹೊರಡುವ ಅದೇ ರಾಗ. ಒಬ್ಬರಿಗೂ ಏನೂ ಕಂಡಿರಲಿಲ್ಲ.

ಆಮೇಲೆ ಎರಡು ಪ್ರಶ್ನೆಗಳು ಬಂದವು, ಎರಡಕ್ಕೂ ನಾನು ತಡವರಿಸಿದೆ. ಆಲೂರಿನ ಕಡೆಯಿಂದ ಬಂದು ಇಲ್ಲಿ ಓದುತ್ತಿರುವ ಒಬ್ಬ ಹುಡುಗ, ತನ್ನ ಅಜ್ಜನ ತೋಟದಲ್ಲಿ ಹೋದ ತಿಂಗಳು ಆನೆ ನುಗ್ಗಿ ಕಾಫಿ ಗಿಡ, ಬಾಳೆ ಎಲ್ಲವನ್ನೂ ತುಳಿದು ಹಾಕಿದ್ದನ್ನು ಹೇಳಿ, "ಆ ಆನೆಗೂ ನನಗೂ ನಂಟಿದೆಯಾ?" ಎಂದು ಕೇಳಿದ. ಅವನ ದನಿಯಲ್ಲಿ ಕುತೂಹಲಕ್ಕಿಂತ ಸಿಟ್ಟು ಹೆಚ್ಚಿತ್ತು. ಇನ್ನೊಬ್ಬ ಹುಡುಗಿ, "ಎಲ್ಲದಕ್ಕೂ ಕಾರಣ ಇದೆ ಅಂದರೆ ಅಣ್ಣ ನನಗೆ ಹೊಡೆದದ್ದು ಅವನ ತಪ್ಪಲ್ಲವಾ?" ಎಂದಳು. ಈ ತತ್ವದ ಸರಪಳಿಯ ಹನ್ನೆರಡು ಕೊಂಡಿಗಳಾದ ನಿದಾನಗಳನ್ನು ಈ ವಯಸ್ಸಿಗೆ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಪರಸ್ಪರಾವಲಂಬನೆ ಎಂಬ ಪದವಂತೂ ಮಕ್ಕಳ ಬಾಯಲ್ಲಿ ಅಗಿಯಲಾಗದ ಕಲ್ಲಾಗುತ್ತದೆ. ಮಕ್ಕಳೊಡನೆ ಇದನ್ನು ನಿಜವಾಗಿ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ಯಗಚಿ ದಂಡೆ (ಬೇಲೂರು)

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ಲೋಟದಲ್ಲಿ ಮೋಡ ತೋರಿಸುವುದು ಚೆಲುವಾದ ಮಾತು, ಆದರೆ ಅದು ಈಗಾಗಲೇ ಕಂಡವರಿಗೆ ಹೇಳುವ ಮಾತು. ಮಕ್ಕಳಿಗೆ ಮೊದಲು ಕೈಗೆ ಸಿಗುವುದು ಬೇಕು, ಮಾತು ಆಮೇಲೆ.

ಈಗ ಪುನರ್ವಸು ಮಳೆ ಹಿಡಿದಿದೆ, ಸಸಿಮಡಿಯ ಕಾಲ. ಬೌದ್ಧರ ಮಹಾಯಾನ ಪಂಥದಲ್ಲಿ ಶಾಲಿಸ್ತಂಬ ಸೂತ್ರ ಎಂಬುದೊಂದಿದೆ. ಶಾಲಿ ಎಂದರೆ ನಮ್ಮ ಭತ್ತವೇ. ಬುದ್ಧ ಭತ್ತದ ಪೈರೊಂದನ್ನು ನೋಡಿ, ಪ್ರತೀತ್ಯಸಮುತ್ಪಾದವನ್ನು ಕಂಡವನು ಧರ್ಮವನ್ನು ಕಾಣುತ್ತಾನೆ, ಧರ್ಮವನ್ನು ಕಂಡವನು ಬುದ್ಧನನ್ನು ಕಾಣುತ್ತಾನೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಹಾಗೆಂದರೇನು ಎಂದು ಶಿಷ್ಯ ಶಾರಿಪುತ್ರ ಬೋಧಿಸತ್ವ ಮೈತ್ರೇಯನನ್ನು ಕೇಳಿದಾಗ ಮೈತ್ರೇಯ ಬಿಡಿಸಿ ಹೇಳುತ್ತಾನೆ: ಬೀಜದಿಂದ ಮೊಳಕೆ, ಮೊಳಕೆಯಿಂದ ಎಲೆ, ಹೀಗೆ ಕಾಳಿನವರೆಗೆ. ಆದರೆ ಬೀಜವೊಂದೇ ಸಾಲದು. ನೆಲ, ನೀರು, ಶಾಖ, ಗಾಳಿ, ಆಕಾಶ, ಋತು ಇವೆಲ್ಲ ಕೂಡಬೇಕು. ನನಗೆ ಬಹಳ ಹಿಡಿಸಿದ್ದು ಅದರ ಮುಂದಿನ ಮಾತು. ನಾನು ಮೊಳಕೆಯನ್ನು ಹುಟ್ಟಿಸುತ್ತೇನೆ ಎಂದು ಬೀಜ ಅಂದುಕೊಳ್ಳುವುದಿಲ್ಲ, ಬೀಜ ನನ್ನನ್ನು ಹುಟ್ಟಿಸಿತು ಎಂದು ಮೊಳಕೆಯೂ ಅಂದುಕೊಳ್ಳುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟೇ. ಎರಡು ಸೇರು ಬಿತ್ತನೆ ಭತ್ತವನ್ನು ಒಂದು ರಾತ್ರಿ ನೆನೆಹಾಕಿ, ನೀರು ಬಸಿದು, ನಮ್ಮ ರೈತರು ಮೊಳಕೆ ಕಟ್ಟುವಂತೆ ಗೋಣಿಯಲ್ಲಿ ಬಿಗಿಯಾಗಿ ಕಟ್ಟಿ ಮೂಲೆಯಲ್ಲಿಡಿ. ಅದೇ ನೆನೆದ ಭತ್ತದಿಂದ ಒಂದು ಹಿಡಿ ತೆಗೆದು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಒದ್ದೆ ಬಟ್ಟೆ ಮುಚ್ಚಿ, ತಣ್ಣನೆಯ ನೆಲದ ಮೇಲಿಡಿ. ಒಂದೆರಡು ದಿನ ಕಳೆದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಗೋಣಿಯೊಳಗೆ ಕೈ ತೂರಿಸಲಿ. ಹೊರಗೆ ಜಡಿಮಳೆ ಸುರಿಯುತ್ತಿದ್ದರೂ ಒಳಗೆ ಬೆಚ್ಚಗಿರುತ್ತದೆ, ಮೊಳಕೆಯ ಹುಳಿವಾಸನೆ ಮೂಗಿಗೆ ಹೊಡೆಯುತ್ತದೆ. ಈ ಬಿಸಿ ಎಲ್ಲಿಂದ ಬಂತು ಎಂದು ಕೇಳಿ ಸುಮ್ಮನಿರಿ. ಬೆಂಕಿ ಇಟ್ಟವರಿಲ್ಲ, ಬಿಸಿಲು ಬಿದ್ದಿಲ್ಲ. ಮೊಳೆಯುವ ಕಾಳು ಉಸಿರಾಡುತ್ತದೆ, ಉಸಿರಾಡುವಾಗ ಕಿಂಚಿತ್ತು ಶಾಖ ಬಿಡುತ್ತದೆ. ಒಂಟಿ ಕಾಳಿನ ಶಾಖ ಗಾಳಿಗೆ ಹಾರಿಹೋಗುತ್ತದೆ, ಕೂಡಿದ ಕಾಳುಗಳದು ಒಳಗೇ ಉಳಿಯುತ್ತದೆ. ಪ್ರತಿ ಕಾಳೂ ಪಕ್ಕದ ಕಾಳುಗಳ ಬಿಸಿಯಲ್ಲಿ ಮೊಳೆಯುತ್ತಿದೆ. ತಟ್ಟೆಯಲ್ಲಿ ಹರಡಿದ ಕಾಳುಗಳು ಅಷ್ಟು ಹೊತ್ತಿಗೆ ಹಿಂದೆ ಬಿದ್ದಿರುತ್ತವೆ. ನನ್ನ ತರಗತಿಯಲ್ಲಿ ಪಾಠಕ್ಕೆ ಕಿವಿಗೊಡದ ಹುಡುಗರೂ ಆ ಗೋಣಿಯಿಂದ ಕೈ ತೆಗೆಯಲು ಒಪ್ಪುತ್ತಿರಲಿಲ್ಲ.

ಇನ್ನೊಂದು. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಅದೇ ಶಾರಿಪುತ್ರ (ಪಾಲಿಯಲ್ಲಿ ಸಾರಿಪುತ್ತ) ಕೊಡುವ ಹೋಲಿಕೆ ನಮ್ಮ ಕಣದಲ್ಲೇ ಸಿಗುತ್ತದೆ: ಒಂದಕ್ಕೊಂದು ಒರಗಿ ನಿಂತ ಎರಡು ಜೊಂಡಿನ ಕಂತೆಗಳು, ಒಂದನ್ನು ಎಳೆದರೆ ಇನ್ನೊಂದೂ ಬೀಳುತ್ತದೆ. ಭತ್ತದ ಹುಲ್ಲಿನ ಎರಡು ಕಂತೆಗಳನ್ನು ಹಾಗೆ ನಿಲ್ಲಿಸಿ, ಯಾವುದನ್ನು ಎಳೆಯಬೇಕೆಂದು ಮಕ್ಕಳೇ ನಿರ್ಧರಿಸಲಿ. ಆಮೇಲೆ ಇಬ್ಬಿಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕುಳಿತು, ನೆಲಕ್ಕೆ ಕೈ ಊರದೆ ಏಳಲಿ.

ಒಂದು ಎಚ್ಚರಿಕೆ. ಎಲ್ಲವೂ ಒಂದೇ ಎಂದು ಹೇಳಿಕೊಡಬೇಡಿ. ಅದು ಬೇರೆ ದರ್ಶನಗಳ ಮಾತು, ಅದಕ್ಕೂ ನನ್ನ ಗೌರವವಿದೆ. ಬುದ್ಧ ಹೇಳಿದ್ದು ಇನ್ನೂ ಸರಳ: ಇದು ಇದ್ದರೆ ಅದು ಇರುತ್ತದೆ, ಇದು ಹುಟ್ಟಿದರೆ ಅದು ಹುಟ್ಟುತ್ತದೆ, ಇದು ಇಲ್ಲದಿದ್ದರೆ ಅದು ಇಲ್ಲ, ಇದು ನಿಂತರೆ ಅದು ನಿಲ್ಲುತ್ತದೆ. ಎರಡು ಕಂತೆಗಳು ಒರಗಿವೆ ಎಂದಮಾತ್ರಕ್ಕೆ ಅವು ಒಂದು ಕಂತೆಯಾಗುವುದಿಲ್ಲ. ಆನೆಯ ಹುಡುಗನಿಗೂ ಉತ್ತರ ಇಲ್ಲಿಯೇ ಇದೆ. ನಂಟಿದೆ ಎಂದರೆ ಆನೆಯನ್ನು ಅಪ್ಪಿಕೊಳ್ಳಬೇಕು ಎಂದಲ್ಲ. ಒಂದು ದಾರ ಹಿಡಿದು, ಆನೆ ಏಕೆ ಬಂತು ಎಂದು ಹಿಂದಕ್ಕೆ ಹಿಂದಕ್ಕೆ ಕೇಳುತ್ತಾ ಹೋಗಿ. ಪ್ರತಿ ಉತ್ತರಕ್ಕೂ ಒಂದು ಗಂಟು.

ಮುಂದಿನ ಮಾರ್ಚಿಗೆ ಹೂಮಳೆ ಬಿದ್ದಾಗ ಇದನ್ನೇ ರೊಬಸ್ಟಾ ಕಾಫಿ ತೋಟದಲ್ಲಿ ಮುಂದುವರಿಸಬಹುದು. ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೂ ಅರಳಿ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೊಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗವೇ ಬೇಕು. ಆ ಮೂರು ದಿನಗಳಲ್ಲಿ ಹೆಜ್ಜೇನು, ತುಡುವೆ ಬಂದವೋ ಇಲ್ಲವೋ ಎಂದು ಮಕ್ಕಳು ಎಣಿಸಲಿ.

ಉತ್ತರ 2: ಕೆಂಪುಮಣ್ಣು (ಹಾಸನ)

ಮೇಲಿನವರ ಗೋಣಿಯ ಪಾಠ ಬಹಳ ಚೆನ್ನಾಗಿದೆ, ಅದನ್ನು ನಾನೂ ಮಾಡಿ ನೋಡುತ್ತೇನೆ. ಆದರೆ ಕಾಫಿಯ ಲೋಟದಲ್ಲಿ ಮೋಡ, ಮಳೆ, ಜೇನು ಎಲ್ಲ ಕಂಡವು. ಅದನ್ನು ಕೊಯ್ದ ಕೈ ಮಾತ್ರ ಯಾರಿಗೂ ಕಾಣಲಿಲ್ಲವೇ ಎಂದು ಕೇಳಲೇಬೇಕಾಗಿದೆ.

ನಾನು ಬೆಳೆದದ್ದು ಸಕಲೇಶಪುರದ ಕಡೆಯ ಒಂದು ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಅವ್ವ ಹಣ್ಣು ಕೊಯ್ಯುತ್ತಿದ್ದಳು. ಡಿಸೆಂಬರಿನ ಚಳಿಯಲ್ಲಿ ಇಬ್ಬನಿ ತೊಟ್ಟಿಕ್ಕುವ ಗಿಡಗಳ ನಡುವೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ನಿಂತು, ಸಂಜೆ ಮನೆಗೆ ಬಂದಾಗ ಅವಳ ಬೆರಳುಗಳು ಹಣ್ಣಿನ ರಸಕ್ಕೆ ಕಪ್ಪಿಟ್ಟು ಅಂಟಂಟಾಗಿರುತ್ತಿದ್ದವು. ಬೂದಿ ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಒಬ್ಬ ಮೇಷ್ಟರು, ಯಾರು ಎಲ್ಲಿ ಹುಟ್ಟುತ್ತಾರೆ ಎಂಬುದು ಅವರವರ ಹಿಂದಿನ ಜನ್ಮದ ಲೆಕ್ಕ ಎಂದು ಇಡೀ ತರಗತಿಯ ಮುಂದೆ ನಮ್ಮ ಸಾಲಿನ ಕಡೆ ನೋಡಿ ಹೇಳಿದರು. ಎಲ್ಲವೂ ಎಲ್ಲದಕ್ಕೂ ಹೆಣೆದುಕೊಂಡಿದೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದೇ ಹೀಗೆ. ಆದ್ದರಿಂದ ಈ ಪಾಠವನ್ನು ಯಾರಾದರೂ ಮಕ್ಕಳಿಗೆ ಮಾಡುತ್ತೇನೆಂದಾಗ ನನಗೆ ಸ್ವಲ್ಪ ಅಳುಕು.

ಬುದ್ಧ ಹಾಗೆ ಹೇಳಲಿಲ್ಲ ಎಂಬುದನ್ನು ಮಕ್ಕಳಿಗೆ ತಿಳಿಸುವುದು ಮುಖ್ಯ. ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲ ಎನ್ನುವವರ ಬಗ್ಗೆ ನೀವೇನು ಹೇಳುತ್ತೀರಿ ಎಂದು ಸೀವಕ ಎಂಬ ಪರಿವ್ರಾಜಕ ಕೇಳಿದಾಗ, ಅದು ತಪ್ಪು ಎಂದೇ ಬುದ್ಧ ಉತ್ತರಿಸಿದ. ಪಿತ್ತ, ಕಫ, ವಾತ, ಋತುವಿನ ಬದಲಾವಣೆ, ಅಜಾಗರೂಕತೆ, ಬೇರೆಯವರ ಹೊಡೆತ, ಇವೂ ನೋವಿಗೆ ಕಾರಣಗಳು ಎಂದು ಎಣಿಸಿದ. ದೀಘ ನಿಕಾಯ ಎಂಬ ಇನ್ನೊಂದು ಸಂಗ್ರಹದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ, ಅಂದರೆ ಉಪದೇಶದಲ್ಲಿ, ಇನ್ನೂ ನೇರವಾದ ಸರಪಳಿ ಇದೆ. ದೊರೆ ಬಡವರಿಗೆ ಧನ ಕೊಡದಿದ್ದುದರಿಂದ ಬಡತನ ಬೆಳೆಯಿತು, ಬಡತನದಿಂದ ಕಳವು, ಕಳವಿನಿಂದ ಆಯುಧ, ಆಯುಧದಿಂದ ಕೊಲೆ, ಕೊಲೆಯಿಂದ ಸುಳ್ಳು. ಇದೂ ಇದು ಇದ್ದರೆ ಅದು ಎಂಬ ಪಾಠವೇ, ಹತ್ತು ವರ್ಷದ ಮಗುವಿಗೆ ಭತ್ತದ ಮೊಳಕೆಯಷ್ಟೇ ಸಲೀಸಾಗಿ ಅರ್ಥವಾಗುತ್ತದೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬ್ ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡಾಗ ನಮ್ಮಂಥವರಿಗೆ ಸಿಕ್ಕಿದ್ದು ಈ ಬುದ್ಧ: ಸ್ಥಿತಿಗೆ ಕಾರಣವಿದೆ, ಕಾರಣ ತೆಗೆದರೆ ಸ್ಥಿತಿ ಹೋಗುತ್ತದೆ ಎಂದವನು.

ನಮ್ಮ ಬಡಾವಣೆಯ ಮಕ್ಕಳಿಗೆ ನಾನು ಮಾಡಿಸುವುದು ಸಿಗಾಲೋವಾದ ಸುತ್ತದ ಆಟ. ಸಿಗಾಲ ಎಂಬ ತರುಣ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ನಿಂತು ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದಾಗ ಬುದ್ಧ ಆ ದಿಕ್ಕುಗಳಿಗೆ ಮನುಷ್ಯರನ್ನು ತಂದು ಕೂರಿಸುತ್ತಾನೆ. ಪೂರ್ವಕ್ಕೆ ತಂದೆತಾಯಿ, ದಕ್ಷಿಣಕ್ಕೆ ಗುರುಗಳು, ಪಶ್ಚಿಮಕ್ಕೆ ಹೆಂಡತಿ ಮಕ್ಕಳು, ಉತ್ತರಕ್ಕೆ ಗೆಳೆಯರು, ಕೆಳಗೆ ದುಡಿಯುವವರು, ಮೇಲೆ ಸಂನ್ಯಾಸಿಗಳಾದ ಶ್ರಮಣರು. ಪ್ರತಿ ದಿಕ್ಕಿನಲ್ಲೂ ಎರಡು ಕಡೆಯವರಿಗೂ ಕರ್ತವ್ಯಗಳಿವೆ. ದುಡಿಸಿಕೊಳ್ಳುವವನು ಮಾಡಬೇಕಾದ ಐದನ್ನು ನಾನು ಮಕ್ಕಳಿಂದ ಗಟ್ಟಿಯಾಗಿ ಓದಿಸುತ್ತೇನೆ: ಅವರ ಶಕ್ತಿಗೆ ತಕ್ಕ ಕೆಲಸ, ಊಟ ಮತ್ತು ಕೂಲಿ, ಕಾಯಿಲೆಯಲ್ಲಿ ಆರೈಕೆ, ಮನೆಯಲ್ಲಿ ಮಾಡಿದ ವಿಶೇಷ ತಿನಿಸಿನಲ್ಲಿ ಪಾಲು, ಕಾಲಕಾಲಕ್ಕೆ ಬಿಡುವು. ಜಗಲಿಯ ಮೇಲೆ ಸೀಮೆಸುಣ್ಣದಿಂದ ದಿಕ್ಕುಗಳನ್ನು ಬರೆದು, ಈ ವಾರ ತಮಗೆ ಏನಾದರೂ ಮಾಡಿಕೊಟ್ಟವರನ್ನೆಲ್ಲ ನೆನೆದು, ಅವರ ಹೆಸರನ್ನು ಆಯಾ ದಿಕ್ಕಿನಲ್ಲಿ ಬರೆಯಬೇಕು. ಹೆಸರೇ ಗೊತ್ತಿಲ್ಲದ ಕಡೆ ಒಂದು ಸೊನ್ನೆ. ಕೆಳಗಿನ ದಿಕ್ಕು ಸೊನ್ನೆಗಳಿಂದ ತುಂಬುತ್ತದೆ. ಮುಂದಿನ ವಾರದೊಳಗೆ ಒಂದು ಸೊನ್ನೆಯನ್ನಾದರೂ ಹೆಸರಾಗಿ ಮಾಡಿಕೊಂಡು ಬರಬೇಕು. ಕಸದ ಗಾಡಿಯವರ ಹೆಸರು, ಬಿಸಿಯೂಟದ ಅಕ್ಕನ ಹೆಸರು. ದುಡಿಯುವವರು ಏಕೆ ಕೆಳಗೆ ಎಂದು ಒಬ್ಬಳು ಕೇಳಿದಳು. ಆ ಕಾಲದ ಸಮಾಜ ಹಾಗಿತ್ತು, ಸುತ್ತದಲ್ಲಿ ಅದರ ಗುರುತು ಉಳಿದಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಪದದ ವಿಷಯ. ಋಣಾನುಬಂಧ ಎಂಬ ಪದವನ್ನು ಬಳಸಲು ನಿಮಗೆ ಆಸೆಯಾಗಬಹುದು. ಅನ್ನದ ಋಣ, ನೀರಿನ ಋಣ ಎಂಬ ಮಾತುಗಳಲ್ಲಿ ಸೊಗಸಿದೆ, ಆದರೆ ಋಣ ಎಂದೊಡನೆ ಸಾಲ ಕೊಟ್ಟವನೊಬ್ಬ, ತೀರಿಸುವವನೊಬ್ಬ ಹುಟ್ಟಿಕೊಳ್ಳುತ್ತಾರೆ, ಯಾರು ಯಾರಿಗೆ ತೀರಿಸುತ್ತಾ ಬಂದಿದ್ದಾರೆ ಎಂಬುದು ನಮಗೆ ಗೊತ್ತೇ ಇದೆ. ಆನೆಯ ಹುಡುಗ ತಾನಾಗಿಯೇ ಹೇಳಿದ ನಂಟು ಎಂಬ ಪದವೇ ಸಾಕು.

ಉತ್ತರ 3: ಹೇಮಾವತಿ (ಮೂಡಿಗೆರೆ)

ನಾನು ಪಾಠ ಮಾಡುವವಳಲ್ಲ, ಒಬ್ಬ ತಾಯಿ. ಎಂಟು ವರ್ಷದ ಮಗನಿಗೆ ಹೋದ ವರ್ಷ ಇದೇ ದಿನಗಳಲ್ಲಿ ನಾನೇ ಉತ್ಸಾಹದಿಂದ, ನಾವು ಮಾಡುವ ಪ್ರತಿಯೊಂದೂ ಎಲ್ಲೋ ಹೋಗಿ ತಾಗುತ್ತದೆ ಎಂದು ಹೇಳಿದ್ದೆ. ಅದಾದ ಮೂರನೇ ದಿನ ಅವನು ಗದ್ದೆಯ ಬದುವಿನಲ್ಲಿ ಏಡಿಯೊಂದನ್ನು ಕಲ್ಲಿನಿಂದ ಜಜ್ಜಿದ. ಅದೇ ವಾರ ನಮ್ಮ ಅತ್ತೆಗೆ ಜ್ವರ ಬಂತು. ಹುಡುಗ ಊಟ ಬಿಟ್ಟ, ರಾತ್ರಿ ಬೆಚ್ಚಿ ಏಳುತ್ತಿದ್ದ. ನಾಲ್ಕು ದಿನ ಕಳೆದ ಮೇಲೆ, ತನ್ನಿಂದಲೇ ಅಜ್ಜಿಗೆ ಜ್ವರ ಬಂದದ್ದು ಎಂದು ಬಾಯಿಬಿಟ್ಟ. ಮಕ್ಕಳಿಗೆ ನಂಟು ಮತ್ತು ಶಾಪದ ನಡುವಣ ಗೆರೆ ತಾನಾಗಿ ತಿಳಿಯುವುದಿಲ್ಲ. ಜ್ವರಕ್ಕೆ ಅದರದೇ ಕಾರಣವಿದೆ, ಏಡಿಗೆ ನೋವಾದದ್ದು ಬೇರೆಯೇ ವಿಷಯ ಎಂದು ಬಿಡಿಸಿ ಹೇಳಲು ನನಗೆ ಒಂದು ಇಡೀ ಸಂಜೆ ಬೇಕಾಯಿತು. ಸೀವಕನಿಗೆ ಬುದ್ಧ ಕೊಟ್ಟ ಉತ್ತರ ಆಗ ನನಗೆ ಗೊತ್ತಿದ್ದರೆ ಚೆನ್ನಾಗಿತ್ತು.

ಅಣ್ಣ ಹೊಡೆದದ್ದು ತಪ್ಪಲ್ಲವೇ ಎಂದು ಕೇಳಿದ ಹುಡುಗಿಗೆ ರಾಹುಲನ ಕಥೆ ಹೇಳಿ. ಮಜ್ಝಿಮ ನಿಕಾಯದಲ್ಲಿ ಬುದ್ಧ ತನ್ನ ಮಗನಿಗೆ ಉಪದೇಶಿಸುವ ಭಾಗ. ಆಗ ರಾಹುಲನಿಗೆ ಏಳು ವರ್ಷ ಎಂದು ಅದರ ಹಳೆಯ ವ್ಯಾಖ್ಯಾನವಾದ ಅಟ್ಠಕಥೆ ಹೇಳುತ್ತದೆ. ಕಾಲು ತೊಳೆದ ಪಾತ್ರೆಯಲ್ಲಿ ಉಳಿದ ಸ್ವಲ್ಪ ನೀರನ್ನು ತೋರಿಸಿ, ಚೆಲ್ಲಿ, ಪಾತ್ರೆಯನ್ನು ಬೋರಲು ಹಾಕಿ ಬುದ್ಧ ಸುಳ್ಳಿನ ಬಗ್ಗೆ ಹೇಳುತ್ತಾನೆ. ಆಮೇಲೆ, ಕನ್ನಡಿ ಇರುವುದೇಕೆ ಎಂದು ಕೇಳುತ್ತಾನೆ. ನೋಡಿಕೊಳ್ಳುವುದಕ್ಕೆ ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ ನೋಡಿಕೋ: ಇದರಿಂದ ನನಗೆ ನೋವೇ, ಇನ್ನೊಬ್ಬರಿಗೆ ನೋವೇ, ಇಬ್ಬರಿಗೂ ನೋವೇ? ಅಣ್ಣನ ಕೈ ಎತ್ತಿದ್ದಕ್ಕೆ ಹಸಿವು, ಸೋತ ಆಟ, ಅಪ್ಪನ ಬೈಗುಳ ಎಲ್ಲ ಕಾರಣವಾಗಿರಬಹುದು, ಆದರೆ ಎತ್ತುವ ಮುಂಚೆ ಒಂದು ಚಣ ಇತ್ತು. ಆ ಚಣ ಅವನದು. ನಮ್ಮ ಮನೆಯಲ್ಲಿ ಈಗ ಜಗಳವಾದರೆ ಯಾರದು ತಪ್ಪು ಎಂದು ಕೇಳುವುದಿಲ್ಲ. ಮೂರರಲ್ಲಿ ಎಲ್ಲಿ ನೋಡಿಕೊಳ್ಳಲಿಲ್ಲ ಎಂದು ಕೇಳುತ್ತೇವೆ. ಮಾಡಿದ ಮೇಲೂ ನೋಡಿಕೊಳ್ಳಬಹುದು, ನೋಡಿಕೊಂಡು ಹೇಳಿದರೆ ಸಾಕು ಎಂಬುದು ನನ್ನ ಮಗನಿಗೆ ದೊಡ್ಡ ಬಿಡುಗಡೆಯಾಯಿತು.

ಮಲಗುವ ಮುಂಚೆ ಎರಡು ನಿಮಿಷ ಎಲ್ಲರಿಗೂ ಒಳ್ಳೆಯದನ್ನು ಹಾರೈಸುವ ಮೆತ್ತಾ ಹೇಳುತ್ತೇವೆ. ಅಜ್ಜಿ ಸುಖವಾಗಿರಲಿ ಎಂದು ಮೊದಲು, ಏಡಿಗಳು ಸುಖವಾಗಿರಲಿ ಎಂದು ಕೊನೆಗೆ. ಆ ಕ್ರಮ ಅವನದೇ.

ಪ್ರಶ್ನೆ ಕೇಳಿದವರ ಮರುನುಡಿ: ಗಿರಿತಪ್ಪಲು (ಚಿಕ್ಕಮಗಳೂರು)

ಮೂವರಿಗೂ ವಂದನೆಗಳು. ಎರಡು ಭಾನುವಾರ ಕಳೆದವು, ಆದದ್ದನ್ನು ತಿಳಿಸುತ್ತೇನೆ.

ಗೋಣಿಯ ಭತ್ತ ಗೆದ್ದಿತು. ಹುಲ್ಲಿನ ಕಂತೆಗಳು ಮಾತ್ರ ಮಳೆಗೆ ನೆನೆದು ಭಾರವಾಗಿ ಒರಗಿಸಿದಲ್ಲೇ ಕುಸಿದವು, ಮಕ್ಕಳು ನಕ್ಕು ಸಾಕಾದರು. ಆರು ದಿಕ್ಕುಗಳ ಆಟದಲ್ಲಿ ಕೆಂಪುಮಣ್ಣು ಅವರು ಹೇಳಿದಂತೆಯೇ ಆಯಿತು. ನನ್ನ ಕಡೆಯಿಂದ ಬಿದ್ದ ಮೊದಲ ಸೊನ್ನೆ, ನಮ್ಮ ಮನೆಗೆ ಆರು ವರ್ಷದಿಂದ ಹಾಲು ಹಾಕುವವರದು. ಮಕ್ಕಳು ನನ್ನನ್ನು ಬಿಡಲಿಲ್ಲ, ಮರುದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿನ ಬಳಿ ಕಾದು ನಿಂತು ಹೆಸರು ಕೇಳಿದೆ. ಇಷ್ಟು ದಿನ ಬಿಟ್ಟು ಈಗೇಕೆ ಎಂದು ಅವರಿಗೆ ಗಾಬರಿಯಾಯಿತು. ಹಾಲು ಬಿಡಿಸುತ್ತಾರೇನೋ ಎಂದುಕೊಂಡಿರಬೇಕು.

ಇದೆಲ್ಲ ಮತದ ಪಾಠವೇ ಎಂದು ಒಬ್ಬ ತಂದೆ ವಿಚಾರಿಸಿದರು. ಶೈವರು ಶಿವನೆಂದೂ ಬೌದ್ಧರು ಬುದ್ಧನೆಂದೂ ಉಪಾಸಿಸುವ ದೇವರು ಒಬ್ಬನೇ ಎಂಬ ಶ್ಲೋಕ ಬೇಲೂರಿನ ದೇವಸ್ಥಾನದಲ್ಲೇ ಇದೆಯಲ್ಲ ಎಂದೆ. ಅವರು ನಕ್ಕು, ಮಗಳನ್ನು ಕಳಿಸುತ್ತಿದ್ದಾರೆ.

ಆನೆಯ ದಾರಕ್ಕೆ ಹದಿನಾಲ್ಕು ಗಂಟುಗಳು ಬಿದ್ದವು. ಆನೆ ಹಲಸಿನ ಹಣ್ಣಿಗೆ ಬಂತು. ಹಣ್ಣು ಮಾಗಿ ವಾಸನೆ ಹಬ್ಬಿತ್ತು. ಕೊಯ್ಯಲು ಆಳು ಸಿಕ್ಕಿರಲಿಲ್ಲ. ಆಳುಗಳು ಪೇಟೆಯ ಕೆಲಸಕ್ಕೆ ಹೋಗಿದ್ದರು. ಪೇಟೆಯಲ್ಲಿ ಕೂಲಿ ಹೆಚ್ಚು. ಇನ್ನೊಂದು ಕವಲಿನಲ್ಲಿ, ಆನೆಗೆ ಕಾಡು ಸಾಲದು. ಕಾಡಿನ ನಡುವೆ ತೋಟಗಳಿವೆ. ತೋಟದಲ್ಲಿ ಕಾಫಿ ಇದೆ. ಕಾಫಿಯನ್ನು ನಾವೆಲ್ಲ ಕುಡಿಯುತ್ತೇವೆ. ಕೊನೆಯ ಗಂಟು ಹಾಕಿದ ಮೇಲೆ ಹುಡುಗ ದಾರವನ್ನು ಕೈಗೆ ಸುತ್ತಿಕೊಂಡು ಸುಮ್ಮನೆ ಕುಳಿತ. ಸಿಟ್ಟು ಹೋಯಿತೇ ಎಂದು ನಾನು ಕೇಳಲಿಲ್ಲ. ಹೋಗುವಾಗ ಅವನು, ಬರುವ ವರ್ಷ ಹಲಸನ್ನು ಎಳೆಗಾಯಿ ಇರುವಾಗಲೇ ಇಳಿಸಿಬಿಡಿ ಎಂದು ಅಜ್ಜನಿಗೆ ಫೋನಿನಲ್ಲಿ ಹೇಳುತ್ತೇನೆ ಎಂದ. ಈ ಭಾನುವಾರ ಬಂದಾಗ ಕೇಳಿದೆ, ಅಜ್ಜ ಏನಂದರು ಎಂದು. ಒಂದು ಮರದ್ದನ್ನು ಬಿಟ್ಟು ಉಳಿದದ್ದನ್ನು ಇಳಿಸೋಣ, ಅದಕ್ಕೂ ಹಸಿವಾಗುತ್ತದಲ್ಲ ಎಂದರಂತೆ. ಹಾಗಾದರೆ ಅದು ಮತ್ತೆ ಬರುವುದಿಲ್ಲವೇ ಎಂಬುದು ಹುಡುಗನ ಹೊಸ ಪ್ರಶ್ನೆ, ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.